ಕೈಗೆ ಕೆಲಸ, ಕಿವಿಗೆ ಜೊತೆ

ಪ್ರಶ್ನೆ: ನನಗೆ 48 ವರ್ಷ. ಸಾಗರದ ಹತ್ತಿರ ನಮ್ಮೂರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕಿಕೊಡುತ್ತೇನೆ. ಎರಡು ವರ್ಷದ ಹಿಂದೆ ಮಗಳು ಫೋನಿನಲ್ಲಿ ಪಾಡ್‌ಕಾಸ್ಟ್ ಕೇಳುವುದನ್ನು ತೋರಿಸಿಕೊಟ್ಟಳು. ಈಗ ದಿನಕ್ಕೆ ನಾಲ್ಕೈದು ಗಂಟೆ ಕಿವಿಯಲ್ಲಿ ಯಾರಾದರೂ ಮಾತಾಡುತ್ತಲೇ ಇರಬೇಕು. ಇತಿಹಾಸ, ಆರೋಗ್ಯ, ಸಂದರ್ಶನ, ಕಥೆ, ಏನಾದರೂ ಸರಿ. ಟಿವಿ ಬೇಡ, ಇದು ಬೇಕು. ನಿಲ್ಲಿಸಿದರೆ ಮನೆ ಬಿಕೋ ಅನ್ನುತ್ತದೆ. ಆದರೆ ಕೇಳಿದ್ದರಲ್ಲಿ ಅರ್ಧವೂ ಮರುದಿನ ನೆನಪಿರುವುದಿಲ್ಲ. ಅಳತೆ ಹಾಕಿ ಕಟಿಂಗ್ ಮಾಡುವಾಗ ಮಾತ್ರ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಬಟ್ಟೆ ಹಾಳು. ಈಗ ಅದೇ ಮಗಳು "ಅಮ್ಮಾ, ನಿಂಗೆ ಇದು ಚಟ ಆಗಿದೆ" ಅನ್ನುತ್ತಾಳೆ. ಇದು ಯಾಕೆ ಇಷ್ಟು ಹಿಡಿಸುತ್ತದೆ? ಪುಸ್ತಕ ಓದಿದ್ದಕ್ಕೆ ಇದು ಸಮವೇ, ಬರೀ ಹೊತ್ತು ಕಳೆಯುವುದೇ? ಇನ್ನೊಂದು ಮಾತು: ನಮ್ಮ ಅತ್ತೆಗೆ 81. ಕಣ್ಣು ಮಂಜಾಗಿ ಪೇಪರ್ ಓದುವುದು ನಿಂತಿದೆ. ಅವರಿಗೂ ಇದನ್ನು ರೂಢಿ ಮಾಡಿಸಬಹುದೇ?

ಉತ್ತರ: ಮಾತಿನ ನಡುವೆ ನೀವು ಹೇಳಿಬಿಟ್ಟ ಕಟಿಂಗ್ ವಿಷಯ ಇದೆಯಲ್ಲ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯವಾಗಿ ಕಂಡದ್ದು ಅದು. ಉಳಿದ ಪ್ರಶ್ನೆಗಳ ಬಾಗಿಲೂ ಅಲ್ಲೇ ತೆರೆಯುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಳತೆ ಪುಸ್ತಕ ನೋಡಿ "ಉದ್ದ 14, ಎದೆ 36, ತೋಳು 9" ಎಂದು ಬಟ್ಟೆಯ ಮೇಲೆ ಗುರುತು ಹಾಕುವಾಗ ನೀವು ಆ ಅಂಕಿಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿರುತ್ತೀರಿ. ತುಟಿ ಅಲ್ಲಾಡದಿದ್ದರೂ ಒಳಗಿನ ಧ್ವನಿಯೊಂದು ಅವನ್ನು ಮತ್ತೆ ಮತ್ತೆ ನುಡಿಯುತ್ತಿರುತ್ತದೆ, ಹಾಗಾಗಿಯೇ ಗುರುತು ಬೀಳುವವರೆಗೆ ಅವು ಮರೆಯುವುದಿಲ್ಲ. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬ ಮನೋವಿಜ್ಞಾನಿಗಳು ಈ ಬಗ್ಗೆ ಒಂದು ವಿವರಣೆ ಕೊಟ್ಟರು. ಸದ್ಯದ ಕೆಲಸಕ್ಕೆ ಬೇಕಾದದ್ದನ್ನು ಮನಸ್ಸು ಕೆಲವೇ ಸೆಕೆಂಡು ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಶಬ್ದಕ್ಕೆ ಒಂದು ಕೋಣೆ, ಚಿತ್ರ ಮತ್ತು ಜಾಗದ ಅಂದಾಜಿಗೆ ಬೇರೆ ಕೋಣೆ. ಎರಡನ್ನೂ ನೋಡಿಕೊಳ್ಳುವ ಒಬ್ಬ ಯಜಮಾನ. ಅಳತೆಯ ಅಂಕಿಗಳು ಕೂರುವುದು ಶಬ್ದದ ಕೋಣೆಯಲ್ಲಿ. ಕಿವಿಯಿಂದ ಬರುವ ಮಾತೂ ನೇರ ಅಲ್ಲಿಗೇ ನುಗ್ಗುತ್ತದೆ. ಒಂದೇ ಕೋಣೆಗೆ ಇಬ್ಬರು ಬಂದಾಗ ಒಬ್ಬರು ಹೊರಗೆ ಹೋಗಲೇಬೇಕು. ನಿಮ್ಮಲ್ಲಿ ಹೊರಬೀಳುವುದು ತೋಳಿನ ಅಳತೆ, ಹಾಳಾಗುವುದು ಬ್ಲೌಸ್ ಪೀಸ್.

ಮಷಿನ್ ಮೇಲೆ ಹೊಲಿಗೆ ಓಡಿಸುವಾಗ ಹಾಗಲ್ಲ. ಅಲ್ಲಿ ಕಣ್ಣಿಗೆ ಕೆಲಸ ಇದೆ, ಕೈಕಾಲಿಗೆ ಇದೆ. ಆದರೆ ಪಳಗಿದ ಕೈಗೆ ಮಾತಿನ ನೆರವು ಬೇಡ. ಶಬ್ದದ ಕೋಣೆ ಗಂಟೆಗಟ್ಟಲೆ ಖಾಲಿ ಬಿದ್ದಿರುತ್ತದೆ. ಕುಚ್ಚು ಕಟ್ಟುವಾಗ ಇನ್ನೂ ಖಾಲಿ. ಪಾಡ್‌ಕಾಸ್ಟ್ ಬಂದು ಕೂರುವುದು ಆ ಜಾಗದಲ್ಲಿ, ಬೇರೆ ಯಾರ ಜಾಗವನ್ನೂ ಅದು ಕಿತ್ತುಕೊಳ್ಳುವುದಿಲ್ಲ. ಟಿವಿ ಯಾಕೆ ಬೇಡವಾಯಿತು ಎಂಬುದೂ ಇಲ್ಲೇ ತಿಳಿಯುತ್ತದೆ. ಟಿವಿಗೆ ನಿಮ್ಮ ಕಣ್ಣು ಬೇಕು, ಆ ಕಣ್ಣನ್ನು ನೀವು ಆಗಲೇ ಸೂಜಿಗೆ ಕೊಟ್ಟಿದ್ದೀರಿ.

ಕೈ ದುಡಿಯುವಾಗ ಕಿವಿಗೆ ಏನಾದರೂ ಬೇಕೆನ್ನಿಸುವುದು ಫೋನಿನಿಂದ ಬಂದ ಗುಣ ಅಲ್ಲ. ರಾಗಿ ಬೀಸುವವರಿಗೆ ಬೀಸುವ ಪದ ಇತ್ತು, ಭತ್ತ ಕುಟ್ಟುವವರಿಗೆ ಕುಟ್ಟುವ ಪದ, ಗದ್ದೆಯಲ್ಲಿ ನಾಟಿ ಪದ. ನಾನೂ ಮಲೆನಾಡಿನವನೇ. ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ರಾತ್ರಿ ಹತ್ತು ಗಂಟೆಯವರೆಗೂ ಸುಲಿತ ನಡೆಯುತ್ತಿತ್ತು. ಅಮ್ಮ, ದೊಡ್ಡಮ್ಮ, ಅಕ್ಕಪಕ್ಕದ ಮನೆಯವರು ಸಾಲಾಗಿ ಕೂತು ಕತ್ತಿಗೆ ಅಡಿಕೆ ಒತ್ತುತ್ತಿದ್ದರು. ರೇಡಿಯೋದ ನಾಟಕ ಇದ್ದರೆ ನಾಟಕ, ಇಲ್ಲದಿದ್ದರೆ ತಾಳಮದ್ದಳೆಯ ಕ್ಯಾಸೆಟ್, ಕರೆಂಟು ಹೋದರೆ ಯಾರಾದರೊಬ್ಬರ ಕಥೆ. ಯಾರೂ ಮುಖ ಎತ್ತಿ ನೋಡುತ್ತಿರಲಿಲ್ಲ. ಆದರೆ ಅರ್ಥಧಾರಿ ಒಂದು ಒಳ್ಳೆಯ ಮಾತು ಆಡಿದ ಕೂಡಲೇ ಅಷ್ಟೂ ಕೈಗಳು ಒಂದು ಕ್ಷಣ ನಿಲ್ಲುತ್ತಿದ್ದವು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇತ್ತು. ಒಬ್ಬರು ಎಲ್ಲರಿಗೂ ಕೇಳುವಂತೆ ಪತ್ರಿಕೆ ಓದಬೇಕು, ಅವರ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡಬೇಕು. ದೂರದ ಕ್ಯೂಬಾದ ಹವಾನಾದಲ್ಲಿ 1865ರಿಂದಲೇ ಸಿಗಾರ್ ಕಾರ್ಖಾನೆಗಳಲ್ಲಿ ಓದುಗರನ್ನು ಇಟ್ಟುಕೊಂಡಿದ್ದರು. ಎತ್ತರದ ಪೀಠದ ಮೇಲೆ ಕೂತು ಅವರು ಪತ್ರಿಕೆ, ಕಾದಂಬರಿ ಓದುತ್ತಿದ್ದರು. ಕೆಳಗೆ ಸಾಲಾಗಿ ಕೂತವರು ಎಲೆ ಸುತ್ತುತ್ತಿದ್ದರು. ಓದುವವರ ಸಂಬಳವನ್ನು ಕೊಡುತ್ತಿದ್ದದ್ದು ಮಾಲೀಕರಲ್ಲ, ಕಾರ್ಮಿಕರೇ ತಮ್ಮ ಕೂಲಿಯಿಂದ ಎತ್ತಿ ಕೊಡುತ್ತಿದ್ದರು. ಮರುವರ್ಷವೇ ಸರ್ಕಾರ ಇದನ್ನು ನಿಷೇಧಿಸಿತು. ಎಲೆ ಸುತ್ತುವವರು ಕೇಳುತ್ತಾ ಕೇಳುತ್ತಾ ಯೋಚಿಸಲು ಶುರು ಮಾಡಿದ್ದೇ ಆಳುವವರಿಗೆ ಭಯವಾಗಿತ್ತು. ನಿಷೇಧ ಹೋದ ಮೇಲೆ ಪದ್ಧತಿ ಮತ್ತೆ ಬಂತು, ಇಂದಿಗೂ ಅಲ್ಲಿ ಉಳಿದಿದೆ. ಮಷಿನ್ ಮುಂದೆ ಕೂತು ಇತಿಹಾಸ ಕೇಳುವ ನೀವು ಈ ಜನರ ಸಾಲಿನಲ್ಲಿ ಕೂತವರು. ನಿಮ್ಮ ಪತ್ರದಲ್ಲಿ ಸ್ವಲ್ಪ ತಪ್ಪಿತಸ್ಥ ಭಾವ ಕಂಡಿತು. ಅದನ್ನು ಮೊದಲು ತೆಗೆದುಹಾಕಿ ಎಂದು ಇಷ್ಟು ಹೇಳಿದೆ.

ಖಾಲಿ ಜಾಗ ತುಂಬುವುದಷ್ಟೇ ಆಗಿದ್ದರೆ ಹಾಡು ಸಾಕಿತ್ತು. ನಿಮಗೆ ಮಾತೇ ಬೇಕು, ಮನುಷ್ಯರ ಧ್ವನಿಯೇ ಬೇಕು. ನನ್ನ ಪ್ರಕಾರ ಪಾಡ್‌ಕಾಸ್ಟಿನ ನಿಜವಾದ ಸೆಳೆತ ಇಲ್ಲಿದೆ.

ಧ್ವನಿಯಲ್ಲಿ ಮನುಷ್ಯ ಇರುತ್ತಾನೆ. ಫೋನಿನಲ್ಲಿ ಮಗಳು "ಹೂಂ" ಎಂದರೆ ಸಾಕು, ಅವಳಿಗೆ ನೆಗಡಿಯೋ ಸಿಟ್ಟೋ ನಿಮಗೆ ಗೊತ್ತಾಗುತ್ತದೆ. ಅಕ್ಷರದಲ್ಲಿ ಇದಿಲ್ಲ. ವಿಡಿಯೋದಲ್ಲಿ ಇದೆ, ಆದರೆ ಮುಖ, ಬಟ್ಟೆ, ಹಿಂದಿನ ಗೋಡೆ ಎಲ್ಲವೂ ಗಮನವನ್ನು ಹಂಚಿಕೊಳ್ಳುತ್ತವೆ. ಬರೀ ಧ್ವನಿ ಬಂದಾಗ ಉಸಿರು ತೆಗೆದುಕೊಂಡದ್ದು, ಮಾತು ತಡವರಿಸಿದ್ದು, ಉತ್ತರಕ್ಕೆ ಮುಂಚೆ ಅರೆಗಳಿಗೆ ನಿಂತದ್ದು, ಎಲ್ಲವೂ ಕೇಳಿಸುತ್ತದೆ. ಅದರಲ್ಲೂ ಇಯರ್‌ಫೋನ್ ಹಾಕಿಕೊಂಡಾಗ ಇನ್ನೊಂದು ವಿಚಿತ್ರ ನಡೆಯುತ್ತದೆ. ಸ್ಪೀಕರಿನಿಂದ ಬರುವ ಮಾತು ಅಲ್ಲೆಲ್ಲೋ ಮೇಜಿನ ಮೇಲೆ ಇದ್ದಂತೆ ಕೇಳಿಸಿದರೆ, ಇಯರ್‌ಫೋನಿನ ಮಾತು ನಮ್ಮ ತಲೆಯೊಳಗೇ ಹುಟ್ಟಿದಂತೆ ಕೇಳಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಪರಿಣಾಮ ನೋಡಿದ್ದಾರೆ. ಅದೇ ಮಾತನ್ನು ಸ್ಪೀಕರಿನಲ್ಲಿ ಕೇಳಿದವರಿಗಿಂತ ಹೆಡ್‌ಫೋನಿನಲ್ಲಿ ಕೇಳಿದವರಿಗೆ ಮಾತಾಡಿದವರು ಹೆಚ್ಚು ಹತ್ತಿರದವರು ಅನ್ನಿಸಿತು, ಅವರ ಬಗ್ಗೆ ಮರುಕವೂ ಹೆಚ್ಚಾಯಿತು. ಕಿವಿಯ ಹತ್ತಿರ ಬಾಯಿ ತಂದು ಮಾತಾಡುವವರು ನಮ್ಮ ಬದುಕಿನಲ್ಲಿ ಎಷ್ಟು ಜನ ಇರುತ್ತಾರೆ? ಮಕ್ಕಳು, ಅಕ್ಕತಂಗಿ, ಗಂಡ ಹೆಂಡತಿ, ತೀರಾ ಬೇಕಾದ ಗೆಳತಿ. ಅಷ್ಟು ಹತ್ತಿರದ ಜಾಗಕ್ಕೆ ಅಪರಿಚಿತರೊಬ್ಬರು ದಿನಾ ಬಂದು ಕೂತರೆ ಮನಸ್ಸು ಅವರನ್ನು ಅಪರಿಚಿತರೆಂದು ಎಣಿಸುವುದಿಲ್ಲ.

1956ರಲ್ಲೇ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ರೇಡಿಯೋ, ಟಿವಿಯ ಮಾತುಗಾರರ ಮೇಲೆ ಜನರಿಗೆ ಬೆಳೆಯುವ ಈ ಸಲಿಗೆಗೆ 'ಪ್ಯಾರಾಸೋಷಿಯಲ್' ಎಂದು ಹೆಸರಿಟ್ಟರು. ನಾನು ಇದನ್ನು ಒಂದು ಕಡೆಯ ಸ್ನೇಹ ಎನ್ನುತ್ತೇನೆ. ನಮಗೆ ಅವರ ಊರು, ಅವರ ತಮಾಷೆ, ಅವರಿಗೆ ಯಾವ ಮಾತಿಗೆ ರೇಗುತ್ತದೆ ಎನ್ನುವುದೆಲ್ಲ ಗೊತ್ತು. ಅವರಿಗೆ ನಾವು ಇದ್ದೇವೆಂಬುದೇ ಗೊತ್ತಿಲ್ಲ. ಕೆಲವರು ಇದನ್ನು ಪೊಳ್ಳು ಎಂದು ತಳ್ಳಿಹಾಕುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸ್ನೇಹ ಒಂದು ಕಡೆಯದಾದರೂ ಅದು ಕೊಡುವ ನೆಮ್ಮದಿ ಸುಳ್ಳಲ್ಲ. ಮನೆಯವರ ಜಾಗವನ್ನು ಅದು ತೆಗೆದುಕೊಳ್ಳಲಾರದು ಎಂಬುದೂ ಅಷ್ಟೇ ನಿಜ.

ಮೈಸೂರಿನಲ್ಲಿ ಮನೋವಿಜ್ಞಾನ ಪಾಠ ಮಾಡಿದ ನನಗೆ ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಕೇಂದ್ರ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕರು. ದೇಶದ ರೇಡಿಯೋಕ್ಕೆಲ್ಲ ಆಮೇಲೆ ಬಂದ 'ಆಕಾಶವಾಣಿ' ಎಂಬ ಹೆಸರು ಮೊದಲು ಹೊತ್ತದ್ದು ಆ ಮನೆಯ ಕೇಂದ್ರ. ಮನಸ್ಸನ್ನು ಓದುವ ವಿದ್ಯೆ ಕಲಿತವರೊಬ್ಬರು ತಮ್ಮ ಮನೆಯಿಂದ ಊರಿನ ಕಿವಿಗೆ ಮಾತು ಕಳಿಸಲು ಹೊರಟದ್ದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಇವತ್ತು ಕೋಣೆಯೊಂದರಲ್ಲಿ ಮೈಕ್ ಇಟ್ಟುಕೊಂಡು ಪಾಡ್‌ಕಾಸ್ಟ್ ಮಾಡುವ ಹುಡುಗ ಹುಡುಗಿಯರಿಗೆ ಅವರೇ ಹಿರಿಯಜ್ಜ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಹಾಗಾದರೆ ಪಾಡ್‌ಕಾಸ್ಟಿಗೂ ರೇಡಿಯೋಕ್ಕೂ ಏನು ವ್ಯತ್ಯಾಸ? ಪಾಡ್‌ಕಾಸ್ಟ್ ಎಂಬ ಪದ ಮೊದಲು ಕಾಣಿಸಿಕೊಂಡದ್ದು 2004ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ. ಆಗಿನ ಐಪಾಡ್‌ನ ಬಾಲಕ್ಕೆ ಬ್ರಾಡ್‌ಕಾಸ್ಟ್‌ನ ಬಾಲ ಸೇರಿಸಿ ಮಾಡಿದ ಪದ. 2005ರ ಜೂನ್‌ನಲ್ಲಿ ಆಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಇದಕ್ಕೆ ಜಾಗ ಕೊಟ್ಟಿತು. 2014ರಲ್ಲಿ ಬಾಲ್ಟಿಮೋರ್ ನಗರದ ಹಳೆಯ ಕೊಲೆ ಪ್ರಕರಣವೊಂದನ್ನು ವಾರವಾರ ಬಿಚ್ಚಿಟ್ಟ 'ಸೀರಿಯಲ್' ಎಂಬ ಸರಣಿ ಬಂದ ಮೇಲೆ, ಪಾಡ್‌ಕಾಸ್ಟ್ ಎಂದರೇನೆಂದು ಗೊತ್ತಿಲ್ಲದವರೂ ಕೇಳತೊಡಗಿದರು. ಈ ಇತಿಹಾಸದಲ್ಲಿ ನಿಮಗೆ ಬೇಕಾದದ್ದು ಒಂದೇ ಒಂದು ಅಂಶ: ಇದಕ್ಕೆ ಗಡಿಯಾರ ಇಲ್ಲ. ಕೇಳುವವರಿಗೂ ಇಲ್ಲ, ಮಾತಾಡುವವರಿಗೂ ಇಲ್ಲ.

ಕೇಳುವವರ ಕಡೆಯದು ನಿಮಗೆ ಗೊತ್ತಿದೆ. ಯಾರೋ ಬ್ಲೌಸ್ ಕೇಳಿಕೊಂಡು ಬಂದರೆ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಬಹುದು. ಮಾತಾಡುವವರ ಕಡೆಯದು ನನ್ನ ಅನುಭವ. ಹಿಂದೆ ರೇಡಿಯೋದಲ್ಲಿ ಹತ್ತು ನಿಮಿಷದ ಭಾಷಣ ಕೊಡಲು ಹೋಗುತ್ತಿದ್ದೆ. ಮುಂಚೆಯೇ ಬರೆದು, ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ಎರಡು ವಾಕ್ಯ ಕಡಿದು ಒಯ್ಯುತ್ತಿದ್ದೆ. ಆ ಶಿಸ್ತಿನ ಬಗ್ಗೆ ನನಗೆ ಗೌರವ ಇದೆ. ಆದರೆ ಅಲ್ಲಿ ನಾನು ಓದುತ್ತಿದ್ದೆ, ಮಾತಾಡುತ್ತಿರಲಿಲ್ಲ. ಈಚೆಗೆ ಹಳೆಯ ಶಿಷ್ಯನೊಬ್ಬ ತನ್ನ ಪಾಡ್‌ಕಾಸ್ಟಿಗೆ ಕರೆದು ಎರಡು ಗಂಟೆ ಕೂರಿಸಿಕೊಂಡ. ಮೊದಲ ಅರ್ಧ ಗಂಟೆ ನಾನು ಪಾಠವನ್ನೇ ಒಪ್ಪಿಸಿದೆ. ಆಮೇಲೆ ಎಲ್ಲೋ ಒಂದು ಕಡೆ ತೀರ್ಥಹಳ್ಳಿಯ ಕಡೆಯ ಮಾತು ಬಂತು, ಒಂದು ಹೆಸರು ಮರೆತು ತಡಕಾಡಿದೆ, ನಕ್ಕೆ, ಮೊದಲು ಹೇಳಿದ್ದನ್ನು "ಇಲ್ಲ, ಅದು ಹಾಗಲ್ಲ" ಎಂದು ತಿದ್ದಿಕೊಂಡೆ. ಕೇಳಿದವರೆಲ್ಲ ಆ ಎರಡನೆಯ ಭಾಗದ ಬಗ್ಗೆಯೇ ಹೇಳಿದರು. ಯೋಚನೆ ಹುಟ್ಟುವ ಸದ್ದು ಅಲ್ಲಿ ಕೇಳಿಸುತ್ತದೆ. ಬರೆದು ಇಸ್ತ್ರಿ ಹಾಕಿದ ಮಾತಿನಲ್ಲಿ ಅದು ಕೇಳಿಸುವುದಿಲ್ಲ. ಧಾರವಾಡದವರು ಧಾರವಾಡದಂತೆ, ಕುಂದಾಪುರದವರು ಕುಂದಾಪುರದಂತೆ ಗಂಟೆಗಟ್ಟಲೆ ಕನ್ನಡ ಮಾತಾಡುವುದನ್ನು ಮನೆಯಲ್ಲಿ ಕೂತು ಕೇಳುವ ಭಾಗ್ಯ ನಮ್ಮ ಹಿಂದಿನವರಿಗೆ ಇರಲಿಲ್ಲ. ಕನ್ನಡದ ಪಾಡ್‌ಕಾಸ್ಟ್ ಒಂದು ತನಗೆ 'ತಲೆ-ಹರಟೆ' ಎಂದೇ ಹೆಸರಿಟ್ಟುಕೊಂಡಿದೆ. ಹರಟೆಗೆ ಜಗಲಿ ಬೇಕಿತ್ತು, ಈಗ ಜಗಲಿ ಫೋನಿಗೆ ಬಂದಿದೆ.

ಸಹಜವಾದ ಮಾತಿಗೆ ಮಿದುಳು ಹೇಗೆ ಓಗೊಡುತ್ತದೆ ಎಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಉರಿ ಹ್ಯಾಸನ್ ಅವರ ತಂಡ 2010ರಲ್ಲಿ ತೋರಿಸಿತು. ಸ್ಕ್ಯಾನರಿನೊಳಗೆ ಮಲಗಿದ್ದ ಹೆಣ್ಣುಮಗಳೊಬ್ಬಳು ತನ್ನ ಓದಿನ ದಿನಗಳ ಕಥೆಯೊಂದನ್ನು, ಬರೆದಿಟ್ಟುಕೊಳ್ಳದೆ, ಬಾಯಿಗೆ ಬಂದಂತೆ ಹೇಳಿದಳು. ಆ ಧ್ವನಿಮುದ್ರಣವನ್ನು ಬೇರೆಯವರಿಗೆ ಕೇಳಿಸಿದಾಗ ಅವರ ಮಿದುಳಿನ ಚಟುವಟಿಕೆ ಅವಳದನ್ನು ಕೆಲವು ಸೆಕೆಂಡು ಹಿಂದಿನಿಂದ ಹಿಂಬಾಲಿಸಿತು. ಕೆಲವು ಭಾಗಗಳಲ್ಲಿ ಕೇಳುಗರ ಮಿದುಳು ಅವಳಿಗಿಂತ ಮುಂದೆ ಓಡಿತು, ಮುಂದಿನ ಮಾತನ್ನು ಊಹಿಸುತ್ತಾ. ಹೊಂದಾಣಿಕೆ ಹೆಚ್ಚಿದ್ದವರಿಗೆ ಕಥೆ ಹೆಚ್ಚು ಅರ್ಥವಾಗಿತ್ತು. ಭಾಷೆ ಬಾರದವರಿಗೆ ರಷ್ಯನ್ ಕಥೆ ಕೇಳಿಸಿದಾಗ ಈ ಹೊಂದಾಣಿಕೆ ಕಾಣಲಿಲ್ಲ. ಅಡಿಕೆ ಸುಲಿಯುವವರ ಕೈ ಒಟ್ಟಿಗೆ ನಿಂತದ್ದು ನನಗೆ ಈ ಲೇಖನ ಓದುವಾಗ ನೆನಪಾಯಿತು.

ಈಗ ನಿಮ್ಮನ್ನು ಕಾಡುತ್ತಿರುವ ವಿಷಯ. ಓದಿದ್ದಕ್ಕೆ ಕೇಳಿದ್ದು ಸಮವೇ?

ಅರ್ಥ ಮಾಡಿಕೊಳ್ಳುವ ಮಟ್ಟಿಗೆ ಬಹುಪಾಲು ಸಮ. 2019ರಲ್ಲಿ ಬರ್ಕ್ಲಿಯ ಜ್ಯಾಕ್ ಗ್ಯಾಲಂಟ್ ಅವರ ಪ್ರಯೋಗಾಲಯದಲ್ಲಿ ಒಂಬತ್ತು ಜನ ಅವೇ ಕಥೆಗಳನ್ನು ಒಮ್ಮೆ ಕೇಳಿದರು, ಒಮ್ಮೆ ಓದಿದರು. ಪದಗಳ ಅರ್ಥಕ್ಕೆ ಮಿದುಳು ಸ್ಪಂದಿಸುವ ನಕ್ಷೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಥೆ, ಜೀವನಚರಿತ್ರೆ, ಒಬ್ಬರ ಅನುಭವ ಇಂಥವನ್ನು ಕೇಳಿದವರು ಓದಿದವರಿಗಿಂತ ಕಡಿಮೆ ಏನನ್ನೂ ಪಡೆಯುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಪರೀಕ್ಷೆಗೆ ಓದುವಂಥ ಗಟ್ಟಿ ವಿಷಯದಲ್ಲಿ ಕಿವಿ ಸೋಲುತ್ತದೆ. ಡೇವಿಡ್ ಡೇನಿಯಲ್ ಮತ್ತು ವಿಲಿಯಂ ವುಡಿ ಎಂಬ ಪ್ರಾಧ್ಯಾಪಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಲೇಖನವನ್ನು ಓದಲು ಕೊಟ್ಟರು, ಕೆಲವರಿಗೆ ಅದನ್ನೇ ಪಾಡ್‌ಕಾಸ್ಟ್ ಆಗಿ ಕೊಟ್ಟರು. ಕಿರುಪರೀಕ್ಷೆಯಲ್ಲಿ ಕೇಳಿದವರ ಅಂಕ ಓದಿದವರಿಗಿಂತ ಬಹಳ ಹಿಂದೆ ಬಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಓದುವಾಗ ಕಣ್ಣು ಸದಾ ಮುಂದಕ್ಕೇ ಹೋಗುವುದಿಲ್ಲ. ಅದರ ಜಿಗಿತಗಳಲ್ಲಿ ನೂರಕ್ಕೆ ಸುಮಾರು 10ರಿಂದ 15 ಹಿಂದಕ್ಕೆ ಇರುತ್ತವೆ. ಅರ್ಥವಾಗದ ಕಡೆ ಕಣ್ಣು ನಮಗೇ ತಿಳಿಯದಂತೆ ಹಿಂದೆ ಹೋಗಿ ನೋಡಿಕೊಂಡು ಬರುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ದಾರ ತುಂಡಾಗಿ ಮತ್ತೆ ಪೋಣಿಸುವ ಹೊತ್ತಿಗೆ ಮಾತು ಮುಂದೆ ಹೋಗಿಬಿಟ್ಟಿರುತ್ತದೆ, ನೀವು ಕಳೆದುಕೊಂಡದ್ದೂ ನಿಮಗೆ ಗೊತ್ತಾಗುವುದಿಲ್ಲ.

ನಿಮ್ಮ ಕೊರಗು ಹುಟ್ಟುವುದು, ಒಂದನ್ನು ಇನ್ನೊಂದರ ಅಳತೆಪಟ್ಟಿಯಿಂದ ಅಳೆಯುವುದರಿಂದ. ನಾಲ್ಕು ಗಂಟೆಯಲ್ಲಿ ಮೂರೂವರೆ ಗಂಟೆ ನೀವು ಕೇಳುವುದು ಜೊತೆಗಾಗಿ. ನೆರೆಮನೆಯವರ ಹತ್ತಿರ ಬೇಲಿಯ ಬದಿ ನಿಂತು ಅರ್ಧ ಗಂಟೆ ಮಾತಾಡಿ ಬಂದರೆ, ಮರುದಿನ ಅದರಲ್ಲಿ ಎಷ್ಟು ನೆನಪಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಮನಸ್ಸು ಹಗುರಾಯಿತು, ಅಷ್ಟು ಸಾಕು. ಇದೂ ಹಾಗೇ. ಅರ್ಧ ಮರೆತರೆ ಮರೆಯಲಿ. ಉಳಿದ ಅರ್ಧ ಗಂಟೆ, ನಿಜಕ್ಕೂ ಕಲಿಯಬೇಕು ಎಂದು ಆರಿಸಿದ ಒಂದು ಕಂತು, ಅದಕ್ಕೆ ಮಾತ್ರ ಬೇರೆ ನಿಯಮ ಮಾಡಿಕೊಳ್ಳಿ. ಕುಚ್ಚು ಕಟ್ಟುವಂಥ ಹಗುರ ಕೆಲಸದ ಹೊತ್ತಿಗೆ ಇಟ್ಟುಕೊಳ್ಳಿ. ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗದಂತೆ ಆಪ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಆಮೇಲೆ ಸಂಜೆ ಕಾಫಿ ಹೊತ್ತಿಗೆ ಕೇಳಿದ್ದನ್ನು ಯಾರಿಗಾದರೂ ಹೇಳಿ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಪ್ರಯತ್ನಿಸಿದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ನೆನಪು ಗಟ್ಟಿಯಾಗುವುದು ಒಳಗೆ ತುಂಬಿದಾಗ ಅಲ್ಲ, ಹೊರಗೆ ತೆಗೆದಾಗ. ಕೇಳಿಸಿಕೊಳ್ಳುವವರು ನಿಮ್ಮ ಮನೆಯಲ್ಲೇ ಇದ್ದಾರೆ, ಅವರ ಮಾತಿಗೆ ಆಮೇಲೆ ಬರುತ್ತೇನೆ.

ಮಗಳು ಹೇಳಿದ 'ಚಟ'ದ ವಿಷಯ. ಹೆಚ್ಚು ಕೇಳುವವರೆಲ್ಲ ಒಂಟಿಗಳು ಎಂಬ ನಂಬಿಕೆ ಸಾಮಾನ್ಯ. ಸ್ಟೆಫನಿ ಟೋಬಿನ್ ಮತ್ತು ರೊಸಾನಾ ಗ್ವಾಡಾಗ್ನೊ 2022ರಲ್ಲಿ 306 ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಹೊಸದಕ್ಕೆ ತೆರೆದುಕೊಳ್ಳುವ ಸ್ವಭಾವದವರು, ಕುತೂಹಲ ಹೆಚ್ಚಿರುವವರು, ತಲೆ ಓಡಿಸುವುದನ್ನು ಇಷ್ಟಪಡುವವರು ಪಾಡ್‌ಕಾಸ್ಟ್ ಕೇಳುವ ಸಾಧ್ಯತೆ ಹೆಚ್ಚಿತ್ತು. ಜನರ ನಡುವೆ ಸೇರಿಕೊಳ್ಳಲೇಬೇಕೆಂಬ ಹಂಬಲ ಹೆಚ್ಚಿರುವವರು ಕಡಿಮೆ ಕೇಳುತ್ತಿದ್ದರು. ಇತಿಹಾಸ, ಆರೋಗ್ಯ, ಕಥೆ, ಏನಾದರೂ ಸರಿ ಎಂದು ಬರೆದ ನಿಮ್ಮನ್ನು ನಾನು ಮೊದಲ ಗುಂಪಿನಲ್ಲಿ ಇಡುತ್ತೇನೆ.

ಆದರೂ ಮಗಳ ಮಾತಿನಲ್ಲಿ ಒಂದು ಎಳೆ ನಿಜ ಇದೆ. ನಿಲ್ಲಿಸಿದರೆ ಮನೆ ಬಿಕೋ ಅನ್ನುತ್ತದೆ ಎಂದಿರಲ್ಲ, ಅದು. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು ಫೋನು, ಪುಸ್ತಕ ಏನೂ ಇಲ್ಲದ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಕೂರಿಸಿದರು. ಬೇಕಿದ್ದರೆ ಒತ್ತಿಕೊಳ್ಳಲು ಒಂದು ಗುಂಡಿ ಇತ್ತು, ಒತ್ತಿದರೆ ಸಣ್ಣ ಕರೆಂಟು ಹೊಡೆಯುತ್ತಿತ್ತು. ಮುಂಚೆಯೇ ಅದರ ಅನುಭವ ಪಡೆದು, ಇದನ್ನು ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಟ್ಟೇವು ಎಂದವರಲ್ಲೇ, 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಆ ಗುಂಡಿ ಒತ್ತಿಕೊಂಡರು. ತನ್ನ ಯೋಚನೆಯೊಂದಿಗೆ ತಾನು ಕೂರುವುದು ಮನುಷ್ಯನಿಗೆ ಅಷ್ಟು ಕಷ್ಟ. ನಾನು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ ಒಂದು ವರ್ಷ ಸತತವಾಗಿ ಪಾಡ್‌ಕಾಸ್ಟ್ ಕೇಳಿದೆ. ಒಂದು ದಿನ ಬ್ಯಾಟರಿ ಮುಗಿದು ಬರಿಗಿವಿಯಲ್ಲಿ ನಡೆದಾಗ, ಕೊಕ್ಕರೆಗಳ ಸದ್ದಿನ ಜೊತೆಗೆ, ತೀರಿಕೊಂಡ ಅಣ್ಣನ ನೆನಪು ಒಮ್ಮೆಲೇ ನುಗ್ಗಿ ಬಂತು. ಆ ನೆನಪು ಬಾಗಿಲ ಹೊರಗೆ ಎಷ್ಟು ದಿನದಿಂದ ಕಾಯುತ್ತಿತ್ತೋ. ಆವತ್ತಿನಿಂದ ಬೆಳಗಿನ ನಡಿಗೆಯಲ್ಲಿ ನಾನು ಏನನ್ನೂ ಕೇಳುವುದಿಲ್ಲ. ನಿಮ್ಮ ದಿನದಲ್ಲೂ ಒಂದು ಕೆಲಸವನ್ನು ಹೀಗೆ ಬರಿಗಿವಿಗೆ ಬಿಟ್ಟುಕೊಡಿ. ಹೂ ಕೊಯ್ಯುವುದೋ, ಬಟ್ಟೆ ಒಣಹಾಕುವುದೋ. ಮೊದಲ ವಾರ ಬಿಕೋ ಅನ್ನಿಸಿಯೇ ಅನ್ನಿಸುತ್ತದೆ. ರಾತ್ರಿ ಧ್ವನಿ ಇಲ್ಲದೆ ನಿದ್ದೆಯೇ ಬಾರದು, ಮನೆಯವರು ಎದುರು ನಿಂತು ಮಾತಾಡಿದರೂ ಕಿವಿಯಿಂದ ತೆಗೆಯಲು ಮನಸ್ಸಾಗದು ಎಂಬ ಸ್ಥಿತಿ ಬಂದರೆ ಮಾತ್ರ ಆಪ್ತಸಮಾಲೋಚಕರೊಬ್ಬರನ್ನು ಕಾಣಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ನೀವು ಕೇಳದ ಒಂದು ವಿಷಯ, ಆದರೆ ಹೇಳದೆ ಬಿಡಲಾರೆ. ಹೊಲಿಗೆ ಮಷಿನಿನ ಮೋಟಾರ್ ಸದ್ದು ಮಾಡುತ್ತದೆ. ಅದರ ಮೇಲೆ ಮಾತು ಕೇಳಿಸಲಿ ಎಂದು ನೀವು ವಾಲ್ಯೂಮ್ ಏರಿಸುತ್ತಿರುತ್ತೀರಿ, ಗೊತ್ತಿಲ್ಲದಂತೆಯೇ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಸದ್ದು ಹೆಚ್ಚಿದಷ್ಟೂ ಗಂಟೆ ಬೇಗ ಬೇಗ ಇಳಿಯುತ್ತದೆ; 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಕಿವಿಗೆ ಸರಿಯಾಗಿ ಕೂತು ಹೊರಗಿನ ಸದ್ದನ್ನು ತಡೆಯುವ ರಬ್ಬರ್ ತುದಿಯ ಇಯರ್‌ಫೋನ್ ತೆಗೆದುಕೊಳ್ಳಿ, ಆಗ ವಾಲ್ಯೂಮ್ ಕಡಿಮೆ ಇಟ್ಟರೂ ಕೇಳಿಸುತ್ತದೆ. ಕೆಲಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಆ ದಿನ ಮಿತಿ ಮೀರಿದೆ ಎಂದು ತಿಳಿಯಿರಿ. ರಸ್ತೆಗೆ ಇಳಿದಾಗ ಎರಡೂ ಕಿವಿಯಿಂದ ತೆಗೆದುಬಿಡಿ.

ಇನ್ನು ನಿಮ್ಮ ಅತ್ತೆ. ಖಂಡಿತ ರೂಢಿ ಮಾಡಿಸಿ, ಆದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ವಯಸ್ಸಾದಂತೆ ಮೊದಲು ಕುಂದುವುದು ಏರುಸ್ವರದ ಸದ್ದುಗಳು. ಮಾತಿನಲ್ಲಿ ಸ, ಶ, ತ, ಕ ದಂಥ ವ್ಯಂಜನಗಳು ಇರುವುದು ಅಲ್ಲಿ. ಹಾಗಾಗಿ ಅವರಿಗೆ ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ಜೋರು ಮಾಡಿದರೆ ಕಿರಿಕಿರಿ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಶ್ರವಣಯಂತ್ರ ಬೇಕಾದರೆ ಹಾಕಿಸಿ, ಈಗಿನ ಕೆಲವಕ್ಕೆ ಫೋನಿನ ಧ್ವನಿ ನೇರ ಬರುವಂತೆ ಮಾಡಬಹುದು. ಇಯರ್‌ಫೋನ್ ಬೇಡ, ಅವರ ಪಕ್ಕದಲ್ಲೇ ಸಣ್ಣ ಸ್ಪೀಕರ್ ಇಡಿ. ಆಪ್‌ನಲ್ಲಿ ವೇಗವನ್ನು 0.8ಕ್ಕೆ ಇಳಿಸಿ. ನಾಲ್ಕು ಜನ ಒಬ್ಬರ ಮೇಲೊಬ್ಬರು ಮಾತಾಡುವ ಹರಟೆ, ಹಿಂದೆ ಸಂಗೀತ ಇರುವ ಕಂತು ಬೇಡ. ಒಬ್ಬರೇ ಹೇಳುವ ಕಥೆ, ಗಮಕ, ನಿಧಾನವಾಗಿ ಅರ್ಥ ಹೇಳುವ ತಾಳಮದ್ದಳೆ ಹಾಕಿ. ನೆಟ್‌ವರ್ಕ್ ಕೈಕೊಡುವ ಊರಾದರೆ ಮೊದಲೇ ಡೌನ್‌ಲೋಡ್ ಮಾಡಿಡಿ, ನಡುವೆ ನಿಂತು ನಿಂತು ಬಂದರೆ ವಯಸ್ಸಾದವರು ಬೇಗ ಬೇಸರಪಡುತ್ತಾರೆ.

ಮೊದಲ ದಿನಗಳಲ್ಲಿ ಅವರೊಬ್ಬರನ್ನೇ ಕೂರಿಸಿ ಹೋಗಬೇಡಿ. ನೀವು ಕುಚ್ಚು ಕಟ್ಟುವ ಹೊತ್ತಿಗೆ ಅವರನ್ನೂ ಕರೆದು ಕೂರಿಸಿಕೊಂಡು ಒಟ್ಟಿಗೆ ಕೇಳಿ. ಇಪ್ಪತ್ತು ನಿಮಿಷ ಸಾಕು. ನೀವು ಬೆಳಿಗ್ಗೆ ಕೇಳಿದ ಕಂತನ್ನು ಕಾಫಿ ಹೊತ್ತಿಗೆ ಹೇಳಬೇಕಾದದ್ದೂ ಅವರಿಗೇ. ಕೇಳುತ್ತಾ ಕೇಳುತ್ತಾ ಅವರು ನಡುವೆ "ನಮ್ಮ ತವರುಮನೆಯಲ್ಲಿ ಹಿಂಗೇ ಒಂದ್ಸಲ..." ಎಂದು ಶುರು ಮಾಡಿದರೆ, ಸ್ಪೀಕರ್ ಆಫ್ ಮಾಡಿ ಅವರದ್ದನ್ನು ಕೇಳಿ. ಕಂತು ಎಲ್ಲಿ ನಿಂತಿದೆಯೋ ಅಲ್ಲೇ ಇರುತ್ತದೆ.